ಕೋಪರಿ ಕಟ್ಟೆಯಿಂದ: ಎರಡು ಕೂಸು, ಒಂದು ಆಳು

ಅವಳಿ ಮಕ್ಕಳ ತಂದೆಯಾದವನಿಗೆ ಲೋಕವು ಧಾರಾಳವಾಗಿ ಕೊಡುವ ವಸ್ತುಗಳು ಎರಡು: ಒಂದು ಅಭಿನಂದನೆ, ಇನ್ನೊಂದು ಸಲಹೆ. ಅವನಿಗೆ ನಿಜವಾಗಿ ಬೇಕಾದ ಮೂರನೆಯ ಕೈಯನ್ನು ಮಾತ್ರ ಯಾರೂ ಕೊಡುವುದಿಲ್ಲ. ಈ ಮಾತನ್ನು ನಾವು ಅನುಭವದಿಂದಲೇ ಹೇಳುತ್ತಿದ್ದೇವೆ.

ನಮ್ಮ ಮಕ್ಕಳಿಗೆ ಈಗ ಎರಡು ವರ್ಷ ನಾಲ್ಕು ತಿಂಗಳು. ಹಿರಿಯವನು ಮಗ; ಅವನಿಗಿಂತ ಹನ್ನೊಂದು ನಿಮಿಷ ಕಿರಿಯಳು ಮಗಳು. ಊಟ, ನಿದ್ದೆ, ಅಳು, ಹಟ ಈ ನಾಲ್ಕರಲ್ಲಿಯೂ ಇಬ್ಬರದು ಒಂದೇ ಮತ. ಭಿನ್ನಾಭಿಪ್ರಾಯವಿರುವುದು ಒಂದೇ ವಿಷಯದಲ್ಲಿ, ಓಡಬೇಕಾದ ದಿಕ್ಕಿನಲ್ಲಿ. ಒಬ್ಬ ಪೂರ್ವಕ್ಕೆ ಹೊರಟನೆಂದರೆ ಇನ್ನೊಬ್ಬಳು ಪಶ್ಚಿಮಕ್ಕೆ ಹೊರಟಳೆಂದೇ ತಿಳಿಯಬೇಕು.

ಕೋಪರಿಯಲ್ಲಿರುವವರಿಗೆ ಈ ಪೂರ್ವ ಪಶ್ಚಿಮಗಳ ಕಷ್ಟವನ್ನು ಬೇರೆ ಹೇಳಬೇಕಾಗಿಲ್ಲ. ನಮ್ಮ ಮನೆ ಠಾಣೆಯ ಪೂರ್ವಕ್ಕೆ. ಮಕ್ಕಳಿಗೆ ಗಾಳಿ, ನೀರು, ದೋಣಿ ತೋರಿಸಬಹುದಾದ ತಲಾವ್‌ಪಾಳಿ ಪಶ್ಚಿಮಕ್ಕೆ. ನಡುವೆ ಸ್ಟೇಶನ್ನು. 1853ರ ಏಪ್ರಿಲ್ 16ರಂದು ಬೋರಿ ಬಂದರಿನಿಂದ ಹೊರಟ ನಮ್ಮ ದೇಶದ ಮೊದಲ ಪ್ರಯಾಣಿಕರ ರೈಲು ಬಂದು ನಿಂತದ್ದು ಇದೇ ಠಾಣೆಯಲ್ಲಿ. ಆ ದಿನ ಹದಿನಾಲ್ಕು ಡಬ್ಬಿಗಳಲ್ಲಿ ಬಂದವರು ಸುಮಾರು 400 ಜನ. ಇಂದು ಸಂಜೆಯ ಲೋಕಲ್ಲಿನ ಒಂದೆರಡು ಡಬ್ಬಿಗಳಲ್ಲಿಯೇ ಅಷ್ಟು ಜನ ತುಂಬಿರುತ್ತಾರೆ. ಅವರೆಲ್ಲ ಇಳಿದು ಹತ್ತುವ ಸೇತುವೆಯ ಮೇಲೆಯೇ ನಾವೂ ಮಕ್ಕಳನ್ನು ಕರೆದುಕೊಂಡು ದಾಟಬೇಕು.

ಕಳೆದ ಚಳಿಗಾಲದ ಒಂದು ಭಾನುವಾರ ಮನೆಯವರಿಗೆ ಜ್ವರ ಬಂದಿದ್ದಿತು. ಅವರಿಗೆ ಎರಡು ಗಳಿಗೆ ವಿಶ್ರಾಂತಿಯಾಗಲಿ ಎಂದು ನಾವೊಬ್ಬರೇ ಇಬ್ಬರನ್ನೂ ತಲಾವ್‌ಪಾಳಿಗೆ ಕರೆದೊಯ್ಯುವ ಧೈರ್ಯ ಮಾಡಿದೆವು. ಬಲಗೈಯಲ್ಲಿ ಮಗ, ಎಡಗೈಯಲ್ಲಿ ಮಗಳು. ಸೇತುವೆಯ ನಡುಮಧ್ಯಕ್ಕೆ ಬಂದಾಗ ಜೇಬಿನಲ್ಲಿ ಫೋನು ಬಾರಿಸಿತು. ಒಂದು ಕ್ಷಣಕ್ಕೆಂದು ಮಗಳ ಕೈ ಬಿಟ್ಟೆವು. ಅವಳು ಬಂದ ದಾರಿಗೇ ಹಿಂದಿರುಗಿ ಓಡಿದಳು. ಅವಳನ್ನು ಹಿಡಿಯಲು ಬಾಗಿದಾಗ ಮಗನೂ ಕೈ ಕೊಸರಿಕೊಂಡು ಪ್ಲ್ಯಾಟ್‌ಫಾರ್ಮಿಗೆ ಇಳಿಯುವ ಮೆಟ್ಟಿಲುಗಳ ಕಡೆಗೆ ಹೊರಟನು. ಕೆಳಗೆ ಲೋಕಲ್ಲು ಒಳಗೆ ಬರುತ್ತಿದ್ದಿತು.

ಯಾರ ಹಿಂದೆ ಓಡುವುದು? ಆ ಪ್ರಶ್ನೆಗೆ ಉತ್ತರ ಕೊಟ್ಟದ್ದು ನಮ್ಮ ಬುದ್ಧಿಯಲ್ಲ, ಕಾಲು. ಮಗನನ್ನು ಮೂರನೆಯ ಮೆಟ್ಟಿಲಿನಲ್ಲಿ ಅಂಗಿಯ ಹಿಂಭಾಗ ಹಿಡಿದು ಎತ್ತಿಕೊಂಡೆವು. ತಿರುಗಿ ನೋಡಿದರೆ ಮಗಳಿಲ್ಲ. ಬರಿಯ ಕಾಲುಗಳು, ಚೀಲಗಳು, ಮತ್ತೆ ಕಾಲುಗಳು. ಹೆಸರು ಹಿಡಿದು ಕೂಗಬೇಕೆಂದರೆ ಗಂಟಲಿನಿಂದ ಸ್ವರ ಹೊರಡಲಿಲ್ಲ. ಹತ್ತು ಹೆಜ್ಜೆ ಹಿಂದೆ ಬಂದಾಗ ಒಂದು ದೊಡ್ಡ ದನಿ ಕೇಳಿಸಿತು: “ಪೋರಗೀ ಕುಣಾಚೀ?” ಹುಡುಗಿ ಯಾರದು ಎಂದು ಕೇಳುತ್ತಿದ್ದವಳು ಒಬ್ಬ ಮೀನು ಮಾರುವ ಹೆಂಗಸು. ಬುಟ್ಟಿಯನ್ನು ದಾರಿಗೆ ಅಡ್ಡವಾಗಿ ಇಟ್ಟು, ಜನರ ಬೈಗಳನ್ನು ಲಕ್ಷಿಸದೆ, ನಮ್ಮ ಮಗಳ ರಟ್ಟೆ ಹಿಡಿದು ನಿಂತಿದ್ದಳು. ನಮ್ಮನ್ನು ಮೇಲಿಂದ ಕೆಳಗೆ ನೋಡಿ ಇಷ್ಟೇ ಅಂದಳು: “ದೋನ್ ಪೋರಂ ಆಣಿ ಏಕ್ ಮಾಣೂಸ್?” ಎರಡು ಕೂಸು, ಒಂದು ಆಳು? ನಾವು ಕೈಮುಗಿಯುವುದರೊಳಗೆ ಬುಟ್ಟಿ ಹೊತ್ತುಕೊಂಡು ಹೋಗಿಬಿಟ್ಟಳು.

ಆ ರಾತ್ರಿ ನಮಗೆ ನಿದ್ದೆ ಬರಲಿಲ್ಲ. ಹಿಡಿದದ್ದು ಮಗನನ್ನು, ಬಿಟ್ಟದ್ದು ಮಗಳನ್ನು. ಅವನು ಹೊರಟದ್ದು ರೈಲಿನ ಕಡೆಗೆ, ಆದುದರಿಂದ ಸರಿಯೇ ಮಾಡಿದೆವೆಂದು ಮನಸ್ಸಿಗೆ ಎಷ್ಟು ಹೇಳಿದರೂ ಅದು ಒಪ್ಪಲಿಲ್ಲ. ಇಬ್ಬರಲ್ಲಿ ಒಬ್ಬರನ್ನು ಆರಿಸಿಕೊಳ್ಳುವ ಪ್ರಸಂಗ ಹೆತ್ತವರಿಗೆ ಬರಬಾರದು. ಬಂದ ಮೇಲೆ ಜಾಣತನ ತೋರಿಸುವುದಕ್ಕಿಂತ, ಬಾರದ ಹಾಗೆ ಮೊದಲೇ ಏರ್ಪಾಡು ಮಾಡುವುದು ಮೇಲು.

ಹೀಗೆ ನಮ್ಮ ಮನೆಗೆ ಹಾರ್ನೆಸ್ಸು ಬಂದಿತು. ಅಂಗಡಿಯಲ್ಲಿ ಅದನ್ನು ಏನೆಂದು ಕರೆದರೂ ನಮ್ಮ ಮನೆಯಲ್ಲಿ ಅದು ‘ಪಟ್ಟಿ’. ಮೊದಲು ನಾವು ತಂದದ್ದು ಮಗುವಿನ ಮಣಿಕಟ್ಟಿಗೂ ನಮ್ಮ ಮಣಿಕಟ್ಟಿಗೂ ಸುತ್ತುವ, ನಡುವೆ ಸುರುಳಿ ತಂತಿಯಿರುವ ಜಾತಿಯದು. ಅದು ಎರಡೇ ದಿನಕ್ಕೆ ಮೂಲೆ ಸೇರಿತು. ಮಗಳು ಅದನ್ನು ಬಿಚ್ಚುವ ವಿದ್ಯೆಯನ್ನು ಒಂದು ಸಂಜೆಯಲ್ಲಿ ಕಲಿತಳು. ಮೇಲಾಗಿ, ಈ ವಯಸ್ಸಿನ ಮಕ್ಕಳ ಕೈಯನ್ನು ಜಗ್ಗಿ ಎಳೆದರೆ ಮೊಣಕೈಯ ಕೀಲು ಜಾರುವುದುಂಟು. ಐದು ವರ್ಷದೊಳಗಿನ ಮಕ್ಕಳಲ್ಲಿ ಇದು ಸಾಮಾನ್ಯವಾದ ಪೆಟ್ಟು. ಆದುದರಿಂದ ಎದೆಗೂ ಭುಜಕ್ಕೂ ತೊಡಿಸುವ, ಬೆನ್ನ ಹಿಂದಿನಿಂದ ಪಟ್ಟಿ ಹೊರಡುವ ಬಗೆಯೇ ಮೇಲೆಂದು ನಮ್ಮ ಅನುಭವ. ಅದರಲ್ಲಿ ಎಳೆತವೆಲ್ಲ ಎದೆಯ ಮೇಲೆ ಹಂಚಿಹೋಗುತ್ತದೆ.

ಪಟ್ಟಿ ತೊಡಿಸಿ ಬೀದಿಗಿಳಿದ ದಿನವೇ ಟೀಕೆಗಳು ಆರಂಭವಾದುವು. ಎದುರು ಮನೆಯ ಹಿರಿಯರು, “ಮಕ್ಕಳನ್ನು ನಾಯಿಮರಿಗಳ ಹಾಗೆ ಕಟ್ಟಿದ್ದೀರಲ್ಲ!” ಎಂದು ನಕ್ಕರು. ಕಚೇರಿಯ ಗೆಳೆಯರು, “ಕಡತಕ್ಕೆ ಟ್ಯಾಗು ಹಾಕುವ ಚಟ ಮನೆಗೂ ಬಂತು” ಎಂದರು. ಮಾತು ಸುಳ್ಳಲ್ಲ. ಟ್ಯಾಗಿಲ್ಲದ ಹಾಳೆ ಫ್ಯಾನಿನ ಗಾಳಿಗೆ ಎಲ್ಲಿ ಹೋಗುತ್ತದೆಂಬುದು ಹದಿಮೂರು ವರ್ಷ ಗುಮಾಸ್ತಿಕೆ ಮಾಡಿದವರಿಗೆ ಚೆನ್ನಾಗಿ ಗೊತ್ತು.

ನಾವು ಹೆದರಿದ್ದು ಇವರಿಗಲ್ಲ, ಧಾರವಾಡದಿಂದ ಬರಲಿದ್ದ ಅವ್ವನಿಗೆ. ಅವ್ವ ಬಂದು ನೋಡಿದವಳೇ, “ಏನೋ ತಮ್ಮಾ, ಕೂಸುಗಳಿಗೆ ದಾವಣಿ ಕಟ್ಟೀಯೇನು?” ಎಂದಳು. ನಾವು ಸೇತುವೆಯ ಕಥೆಯನ್ನು ಅಲ್ಲಿಯವರೆಗೆ ಅವಳಿಗೆ ಹೇಳಿರಲಿಲ್ಲ; ಅಂದು ಫೋನು ಮಾಡಿದವಳು ಅವಳೇ ಆದುದರಿಂದ ಹೇಳಲು ಮನಸ್ಸಾಗಿರಲಿಲ್ಲ. ಈಗ ಅದೊಂದನ್ನು ಬಿಟ್ಟು ಉಳಿದದ್ದನ್ನೆಲ್ಲ ಹೇಳಿದೆವು. ಅವ್ವ ಬಹಳ ಹೊತ್ತು ಸುಮ್ಮನೆ ಕುಳಿತಳು. ಆಮೇಲೆ, “ನಿನ್ನೂ ಕಟ್ಟಿದ್ನೆಪಾ. ಹಿತ್ತಲದಾಗ ಬಾವಿ ಇತ್ತಲ್ಲ. ನೀರು ಸೇದೂ ಮುಂದ ನನ್ನ ಹಳೇ ಸೀರೀಲೆ ನಿನ್ನ ನಡಕ್ಕ ಕಟ್ಟಿ, ಇನ್ನೊಂದು ತುದಿ ನನ್ನ ನಡಕ್ಕ ಕಟಿಗೋತಿದ್ದೆ. ಕಟ್ಟೂದು ತಪ್ಪಲ್ಲ. ಕಟ್ಟಿ ಮರೀಬಾರದು, ಅಷ್ಟ” ಎಂದಳು.

ಯಶೋದೆಯೂ ಕಟ್ಟಿದವಳೇ. ಹಗ್ಗಕ್ಕೆ ಹಗ್ಗ ಸೇರಿಸಿದರೂ ಎರಡು ಬೆರಳು ಸಾಲದಾಯಿತೆಂದು ಭಾಗವತವು ಹೇಳುತ್ತದೆ. ಕಡೆಗೆ ಹೊಟ್ಟೆಗೆ ಹಗ್ಗ ಬಿಗಿಸಿಕೊಂಡದ್ದರಿಂದಲೇ ಮಗನಿಗೆ ದಾಮೋದರನೆಂದು ಹೆಸರಾಯಿತು. ಆದರೆ ಅವಳು ಹಗ್ಗದ ಇನ್ನೊಂದು ತುದಿಯನ್ನು ಕಟ್ಟಿದ್ದು ಒರಳಿಗೆ, ತಾನು ಹೋದದ್ದು ಮನೆಗೆಲಸಕ್ಕೆ. ಮಗು ಒರಳನ್ನೇ ಎಳೆದುಕೊಂಡು ಹೋಗಿ ಎರಡು ಮರಗಳನ್ನು ಉರುಳಿಸಿತು. ದೇವರ ಮಗುವಾದುದರಿಂದ ಬದುಕಿತು. ನಮ್ಮ ನಿಮ್ಮ ಮಕ್ಕಳು ಮನುಷ್ಯರ ಮಕ್ಕಳು. ಒರಳಿಗೆ ಕಣ್ಣಿಲ್ಲ, ಕಂಬಕ್ಕೂ ಬೆಂಚಿಗೂ ಇಲ್ಲ. ಪಟ್ಟಿಯ ಇನ್ನೊಂದು ತುದಿ ಇರಬೇಕಾದದ್ದು ಎಚ್ಚರವಿರುವ ಒಬ್ಬ ಮನುಷ್ಯನ ಕೈಯಲ್ಲಿ.

ಇಷ್ಟು ದಿನದಲ್ಲಿ ನಾವು ಕಲಿತ ಕೆಲವು ನೇಮಗಳನ್ನು ಇಲ್ಲಿ ಬರೆದಿಡುತ್ತೇವೆ. ಪಟ್ಟಿಯು ಮೈಗೆ ಹತ್ತಿರವಾಗಿರಬೇಕು, ಆದರೆ ನಮ್ಮ ಎರಡು ಬೆರಳು ಒಳಗೆ ಹೋಗುವಷ್ಟು ಸಡಿಲವಿರಬೇಕು. ಕುತ್ತಿಗೆಯ ಹತ್ತಿರ ಯಾವ ದಾರವೂ ಸುಳಿಯಬಾರದು. ಉದ್ಯಾನದ ಜಾರುಬಂಡೆಗೂ ಉಯ್ಯಾಲೆಗೂ ಹೋಗುವ ಮೊದಲು ಪಟ್ಟಿಯನ್ನು ಪೂರ್ತಿಯಾಗಿ ಬಿಚ್ಚಬೇಕು. ಅಲ್ಲಿ ಅದು ಸಿಕ್ಕಿಕೊಂಡರೆ ಕಾಪಾಡುವ ವಸ್ತುವೇ ಉರುಲಾಗುತ್ತದೆ. ಸರಿಯುವ ಮೆಟ್ಟಿಲ ಮೇಲೆ, ಲೋಕಲ್ಲಿಗೆ ಹತ್ತುವಾಗ ಇಳಿಯುವಾಗ, ಪಟ್ಟಿಯನ್ನು ನಂಬದೆ ಮಗುವನ್ನು ಎತ್ತಿಕೊಳ್ಳಬೇಕು. ಜೋತುಬಿದ್ದ ಪಟ್ಟಿ ಬಾಗಿಲಿಗೋ ಇನ್ನೊಬ್ಬರ ಕಾಲಿಗೋ ಸಿಕ್ಕುವುದು ಖಂಡಿತ. ರಿಕ್ಷಾದಲ್ಲಿ ತೆರೆದ ಕಡೆಗೆ ದೊಡ್ಡವರು, ಒಳಗಡೆಗೆ ಮಗು. ಕಡೆಯದಾಗಿ, ಪಟ್ಟಿಯಿದೆಯೆಂದು ಕೈಬಿಡಬಾರದು. ಮೊದಲು ಕೈ, ಕೈ ತಪ್ಪಿದರೆ ಪಟ್ಟಿ.

ಇನ್ನು ಸ್ಕೂಟರಿನ ಮಾತು. ಒಂದು ಮಗುವನ್ನು ಮುಂದೆ ನಿಲ್ಲಿಸಿ, ಇನ್ನೊಂದನ್ನು ಗಂಡಹೆಂಡಿರ ನಡುವೆ ಕೂರಿಸಿ ಹೋಗುವ ಸಂಸಾರಗಳನ್ನು ನಮ್ಮ ಬೀದಿಯಲ್ಲಿ ದಿನವೂ ಕಾಣುತ್ತೇವೆ. ಕೇಂದ್ರ ಸರಕಾರವು 2022ರ ಫೆಬ್ರವರಿ 15ರಂದು ಹೊರಡಿಸಿದ ನಿಯಮವು ಒಂದು ವರ್ಷದ ನಂತರ ಜಾರಿಗೆ ಬಂದಿದೆ. ಅದರಂತೆ ನಾಲ್ಕು ವರ್ಷದೊಳಗಿನ ಮಗುವನ್ನು ಎರಡು ಗಾಲಿಯ ವಾಹನದಲ್ಲಿ ಒಯ್ಯುವಾಗ, ಮಗುವಿನ ಮೈಯನ್ನು ಚಾಲಕನಿಗೆ ಬಿಗಿಯುವ ಹಾರ್ನೆಸ್ಸು ಇರಬೇಕು. ಅದು ಮೂವತ್ತು ಕಿಲೋ ತೂಕ ತಡೆಯುವಂಥದಾಗಿರಬೇಕು. ಒಂಬತ್ತು ತಿಂಗಳು ದಾಟಿದ ಮಗುವಿಗೆ ಅಳತೆಗೆ ಸರಿಯಾದ ಹೆಲ್ಮೆಟ್ಟು ಬೇಕು. ವೇಗ ಗಂಟೆಗೆ ನಲವತ್ತು ಕಿಲೋಮೀಟರು ಮೀರಬಾರದು. ಬೀದಿಯಲ್ಲಿ ನಡೆಯಲು ತೊಡಿಸುವ ಪಟ್ಟಿ ಈ ಕೆಲಸಕ್ಕೆ ಬರುವುದಿಲ್ಲವೆಂಬುದನ್ನು ನೆನಪಿಡಬೇಕು. ಅದಲ್ಲದೆ, ಚಾಲಕನ ಹಿಂದೆ ಒಬ್ಬರಿಗಿಂತ ಹೆಚ್ಚು ಜನರನ್ನು ಕೂರಿಸಬಾರದೆಂಬುದು ಮೋಟಾರು ವಾಹನ ಕಾಯಿದೆಯ ಹಳೆಯ ಮಾತು. ಎಂದರೆ ಒಂದು ಸ್ಕೂಟರಿನಲ್ಲಿ ಅವಳಿಗಳಿಬ್ಬರಿಗೂ ಜಾಗವಿಲ್ಲ. ದಿಲ್ಲಿಯ ಕಾಯಿದೆಯೂ ಸೇತುವೆಯ ಮೇಲಿನ ಆ ತಾಯಿಯೂ ಹೇಳಿದ್ದು ಒಂದೇ: ಎರಡು ಕೂಸಿಗೆ ಒಂದು ಆಳು ಸಾಲದು.

ಊರಿನಲ್ಲಿ ಈ ಲೆಕ್ಕವನ್ನು ಯಾರೂ ಹಾಕುತ್ತಿರಲಿಲ್ಲ. ಅಲ್ಲಿ ಕೂಸು ಹೊಸ್ತಿಲು ದಾಟಿದರೆ ಕಟ್ಟೆಯ ಮೇಲಿನ ಅಜ್ಜ ಹಿಡಿಯುತ್ತಿದ್ದನು. ಅವನ ಕಣ್ಣು ತಪ್ಪಿದರೆ ಚಿಕ್ಕಮ್ಮ, ಅವಳೂ ಇಲ್ಲದಿದ್ದರೆ ಮೂಲೆಯ ಅಂಗಡಿಯವನು. ಹೊಟ್ಟೆಪಾಡಿಗೆಂದು ಇಲ್ಲಿಗೆ ಬಂದ ನಾವು ಆ ಕೈಗಳನ್ನೆಲ್ಲ ಅಲ್ಲಿಯೇ ಬಿಟ್ಟುಬಂದೆವು. ಆದುದರಿಂದ ಈಗ ನಮ್ಮ ಮನೆಯಲ್ಲಿ ಹೊರಡುವ ಮೊದಲು ಕೈಗಳನ್ನು ಎಣಿಸುತ್ತೇವೆ. ಕೂಸಿಗೊಬ್ಬರಂತೆ ಇದ್ದರೆ ಸ್ಟೇಶನ್ನು ದಾಟಿ ತಲಾವ್‌ಪಾಳಿ. ಒಬ್ಬರೇ ಇದ್ದರೆ ಸೇತುವೆಯಿಲ್ಲ, ಕೆರೆಯಿಲ್ಲ, ಕಟ್ಟಡದ ಅಂಗಳವೇ ಕಾಶಿ. ಯಾವ ಕೂಸು ಯಾರದೆಂಬುದನ್ನೂ ಬಾಯಿಬಿಟ್ಟು ಹೇಳಿಕೊಳ್ಳುತ್ತೇವೆ. ‘ನೀವು ನೋಡುತ್ತಿದ್ದೀರೆಂದು ನಾನು, ನೀನು ನೋಡುತ್ತಿದ್ದೀಯೆಂದು ನಾವು’ ಎನ್ನುವ ಪ್ರಮಾದ ಇದರಿಂದ ತಪ್ಪುತ್ತದೆ.

ಇಷ್ಟಾಗಿಯೂ ಮಗು ಕಣ್ಮರೆಯಾದರೆ? ಮೊದಲು ಅಪಾಯವಿರುವ ಕಡೆಗೇ ಓಡಬೇಕು: ಕೆರೆಯ ಬಳಿ ನೀರಿನ ಕಡೆಗೆ, ಸ್ಟೇಶನ್ನಿನಲ್ಲಿ ಹಳಿಯ ಕಡೆಗೆ, ಬೀದಿಯಲ್ಲಿ ವಾಹನಗಳ ಕಡೆಗೆ. ನೀರಿಗೆ ಬಿದ್ದ ಕೂಸು ಕೂಗುತ್ತದೆಂದು ಕಾಯಬಾರದು. ಅದು ಸದ್ದಿಲ್ಲದೆ ಮುಳುಗುತ್ತದೆ. ನಾಚಿಕೆಪಡದೆ ಗಟ್ಟಿಯಾಗಿ ಕೂಗಬೇಕು, ಅಂಗಿಯ ಬಣ್ಣ ಹೇಳಿ ಕೂಗಬೇಕು. ಇದಕ್ಕಾಗಿಯೇ ಮನೆಯಿಂದ ಹೊರಡುವ ಮೊದಲು ಇಬ್ಬರದೂ ಒಂದು ಫೋಟೋ ತೆಗೆದುಕೊಳ್ಳುತ್ತೇವೆ. ಜೇಬಿನೊಳಗೆ ನಮ್ಮ ಫೋನ್ ನಂಬರಿನ ಚೀಟಿ ಇಡುತ್ತೇವೆ. ಹೆಸರನ್ನು ಮಾತ್ರ ಹೊರಗೆ ಕಾಣುವಂತೆ ಬರೆಯುವುದಿಲ್ಲ. ರೈಲಿನಲ್ಲಾಗಲಿ ಸ್ಟೇಶನ್ನಿನಲ್ಲಾಗಲಿ 139, ಎಲ್ಲಿಯಾದರೂ ಮಕ್ಕಳ ಸಹಾಯಕ್ಕೆ 1098, ಪೋಲೀಸರಿಗೆ 112. ಈ ಮೂರು ಅಂಕೆಗಳನ್ನು ಅಡಿಗೆಮನೆಯ ಕ್ಯಾಲೆಂಡರಿನ ಮೇಲೆ ಮನೆಯವರು ಕೆಂಪು ಮಸಿಯಲ್ಲಿ ಬರೆದಿದ್ದಾರೆ.

ನಮ್ಮ ಸಂಘದ ಸಮಾರಂಭಗಳ ವಿಷಯದಲ್ಲಿಯೂ ಒಂದು ಸೂಚನೆ. ವೇದಿಕೆಗೆ, ಊಟಕ್ಕೆ, ಹಾರತುರಾಯಿಗೆ ಒಬ್ಬೊಬ್ಬರನ್ನು ನೇಮಿಸುತ್ತೇವೆ. ಬಾಗಿಲಿನಲ್ಲಿ ಇಬ್ಬರು ಹಿರಿಯರು ಕುರ್ಚಿ ಹಾಕಿಕೊಂಡು, ದೊಡ್ಡವರಿಲ್ಲದೆ ಯಾವ ಕೂಸೂ ಹೊರಗೆ ಹೋಗದಂತೆ ನೋಡಿಕೊಂಡರೆ ಎಷ್ಟೋ ತಾಯಂದಿರು ನಾಟಕವನ್ನು ನೆಮ್ಮದಿಯಿಂದ ನೋಡಿಯಾರು. ಊರಿನ ಕಟ್ಟೆ ಅಷ್ಟರ ಮಟ್ಟಿಗಾದರೂ ಇಲ್ಲಿಗೆ ಬಂದಂತಾಗುತ್ತದೆ.

ಮೊನ್ನೆ ಭಾನುವಾರ ಮತ್ತೆ ಸೇತುವೆ ದಾಟಿದೆವು. ಮಗನು ಮನೆಯವರ ಪಾಲಿಗೆ, ಮಗಳು ನಮ್ಮ ಪಾಲಿಗೆ, ಅವ್ವ ಹಿಂದಿನಿಂದ ಕಾವಲಿಗೆ. ಆ ಬುಟ್ಟಿಯ ಹೆಂಗಸು ಕಾಣುವಳೇನೋ ಎಂದು ಅತ್ತಿತ್ತ ನೋಡಿದೆವು. ಕಾಣಲಿಲ್ಲ. ಕಂಡಿದ್ದರೆ, “ಬಾಯೀ, ಈಗ ಎರಡು ಕೂಸಿಗೆ ಮೂರು ಆಳು” ಎಂದು ಲೆಕ್ಕ ಒಪ್ಪಿಸಬೇಕೆಂದಿದ್ದೆವು. ಅಷ್ಟರಲ್ಲಿ ಜೇಬಿನಲ್ಲಿ ಫೋನು ಬಾರಿಸಿತು. ಬಾರಿಸಲಿ ಎಂದು ಬಿಟ್ಟು, ಮಗಳ ಕೈಯನ್ನು ಇನ್ನೂ ಸ್ವಲ್ಪ ಬಿಗಿಯಾಗಿ ಹಿಡಿದುಕೊಂಡೆವು.