ಪೋರ್ಟ್ ಎಲ್ಲಿರಬೇಕೆಂದು ಆಕೆಯನ್ನು ಕೇಳಿದ್ದೀರಾ?

'ಜೀವ ಉಳಿಯೋದು ಮುಖ್ಯವೋ, ಗಾಯದ ಗುರುತು ಮುಖ್ಯವೋ?' ಸ್ತನ ಕ್ಯಾನ್ಸರ್‌ಗೆ ಕೀಮೋ ಶುರುವಾಗುವ ಮುನ್ನ, ಪೋರ್ಟನ್ನು ಎದೆ ಬಿಟ್ಟು ತೋಳಿನಲ್ಲಿ ಹಾಕಬಹುದೇ ಎಂದು ಕೇಳಿದ ಹೆಣ್ಣಿಗೆ ಸಿಗುವ ಮಾತು ಇದು. ಇದು ಉತ್ತರವಲ್ಲ, ಬಾಯಿ ಮುಚ್ಚಿಸುವ ದಾರಿ. ಕ್ಯಾನ್ಸರ್ ಬಂದ ಮಾತ್ರಕ್ಕೆ ತನ್ನ ಮೈಮೇಲಿನ ಹಕ್ಕನ್ನು ಆಕೆ ಯಾರಿಗೂ ಬರೆದುಕೊಟ್ಟಿಲ್ಲ.

ಪೋರ್ಟ್ ಅಂದರೆ ಔಷಧ ಕೊಡಲು ಚರ್ಮದಡಿ ಇಡುವ ಪುಟ್ಟ ಡಬ್ಬಿ, ಅದಕ್ಕೊಂದು ತೆಳು ನಳಿಕೆ. ಡಬ್ಬಿ ಎದೆಯಲ್ಲಿರಲಿ, ತೋಳಿನ ಒಳಬದಿಯಲ್ಲಿರಲಿ, ನಳಿಕೆಯ ತುದಿ ತಲುಪುವುದು ಹೃದಯದ ಬಾಗಿಲಲ್ಲಿರುವ ಅದೇ ದೊಡ್ಡ ರಕ್ತನಾಳವನ್ನು. ಔಷಧವೂ ಅದೇ, ಪ್ರಮಾಣವೂ ಅದೇ. ಹಾಗಿದ್ದ ಮೇಲೆ ಜೀವದ ಹೆಸರು ಹೇಳಿ ಹೆದರಿಸುವುದೇಕೆ?

ಹಾಕುವವರಿಗೆ ಅದು ಒಂದು ತಾಸಿನ ಕೆಲಸ, ಹೊರುವವಳಿಗೆ ಒಂದು ವರ್ಷಕ್ಕೂ ಮಿಕ್ಕಿದ ಬದುಕು. ಹರ್-2 ಪಾಸಿಟಿವ್ ಬಗೆಯ ಸ್ತನ ಕ್ಯಾನ್ಸರ್ ಇದ್ದವರಿಗೆ ಮೂರು ವಾರಕ್ಕೊಮ್ಮೆ, ಸುಮಾರು ಒಂದು ವರ್ಷ ಟ್ರಾಸ್ಟುಜುಮ್ಯಾಬ್ ಎಂಬ ಔಷಧ ಕೊಡಬೇಕು. ಬೆಂಗಳೂರಿನ ಬಯೋಕಾನ್ 2014ರಲ್ಲೇ ಅದನ್ನೇ ಹೋಲುವ ಔಷಧವನ್ನು (ಬಯೋಸಿಮಿಲರ್) ಮಾರುಕಟ್ಟೆಗೆ ತಂದಿತು. ಔಷಧ ಇಲ್ಲೇ ತಯಾರಾಗುತ್ತದೆ, ಆದರೆ ಅದನ್ನು ಪಡೆಯುವವಳನ್ನು ಒಂದು ಮಾತು ಕೇಳುವ ಪದ್ಧತಿ ಮಾತ್ರ ಇನ್ನೂ ಇಲ್ಲಿಗೆ ಬಂದಿಲ್ಲ.

ಆ ಒಂದು ವರ್ಷ ಹೇಗಿರುತ್ತದೆ ನೋಡಿ. ಕ್ಯಾನ್ಸರ್ ಬಲಗಡೆ ಇದ್ದರೆ ಪೋರ್ಟ್ ಎಡ ಎದೆಗೆ ಬರುತ್ತದೆ. ಸೆರಗು ಬೀಳುವುದು ಅಲ್ಲಿ, ಪಿನ್ ಚುಚ್ಚುವುದು ಅಲ್ಲಿ, ಒಳ ಉಡುಪಿನ ಪಟ್ಟಿ ಉಜ್ಜುವುದೂ ಅಲ್ಲೇ. ಕಾರಿನ ಮುಂದಿನ ಸೀಟಿನಲ್ಲಿ ಗಂಡನ ಪಕ್ಕ ಕೂತರೆ ಬೆಲ್ಟ್ ಒತ್ತುವುದೂ ಎಡ ಹೆಗಲಿನ ಮೇಲೆಯೇ. ಡೇ ಕೇರ್ ವಾರ್ಡಿನಲ್ಲಿ ಸಾಲು ಕುರ್ಚಿಗಳ ನಡುವೆ, ಸರಿಯಾಗಿ ಮುಚ್ಚದ ಪರದೆಯ ಹಿಂದೆ, ಪ್ರತಿ ಸಲವೂ ರವಿಕೆಯ ಹುಕ್ ಬಿಚ್ಚಿ ಎದೆ ತೋರಿಸಿದ ಮೇಲೆಯೇ ಪೋರ್ಟಿಗೆ ಚುಚ್ಚುವ ಹ್ಯೂಬರ್ ಸೂಜಿ ಒಳಗೆ ಹೋಗುತ್ತದೆ. ಒಂದು ಸ್ತನ ಕಳೆದುಕೊಂಡವಳು ಇದನ್ನು ಎಷ್ಟು ಸಲ ಸಹಿಸಬೇಕು? ಪೋರ್ಟ್ ತೋಳಿನಲ್ಲಿದ್ದರೆ ರವಿಕೆಯ ತೋಳು ಮೇಲೆ ಮಡಚಿದರೆ ಸಾಕು. ಇದನ್ನು 'ಶೋಕಿ' ಎನ್ನುವವರಿಗೆ ಮರ್ಯಾದೆಗೂ ಶೋಕಿಗೂ ಇರುವ ವ್ಯತ್ಯಾಸ ಗೊತ್ತಿಲ್ಲ.

'ತೋಳಿನಲ್ಲಿ ರಕ್ತ ಹೆಪ್ಪುಗಟ್ಟುತ್ತದೆ' ಎನ್ನುವುದು ತೋಳು ಬೇಡವೆನ್ನುವವರ ದೊಡ್ಡ ಅಸ್ತ್ರ. ತೋಳಿನಿಂದ ಹೊರಗೆ ನೇತಾಡುವ ಪಿಕ್ ಲೈನಿನ ಪಾಪವನ್ನೆಲ್ಲ ತಂದು ತೋಳಿನ ಪೋರ್ಟಿನ ತಲೆಗೆ ಕಟ್ಟುತ್ತಾರೆ. 2021ರಲ್ಲಿ ಲ್ಯಾನ್ಸೆಟ್‌ನಲ್ಲಿ ಪ್ರಕಟವಾದ ಬ್ರಿಟನ್ನಿನ ಕಾವಾ ಅಧ್ಯಯನ 1,061 ರೋಗಿಗಳನ್ನು ನೋಡಿತ್ತು: ಪಿಕ್ ಲೈನ್ ಹಾಕಿಸಿಕೊಂಡವರಲ್ಲಿ ಶೇ 47 ಮಂದಿಗೆ ತೊಡಕು, ಪೋರ್ಟ್ ಹಾಕಿಸಿಕೊಂಡವರಲ್ಲಿ ಶೇ 32. ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗಬೇಡಿ. ಅಲ್ಟ್ರಾಸೌಂಡ್ ಹಿಡಿದು ರಕ್ತನಾಳದ ಅಗಲ ಅಳೆದು, ಅದಕ್ಕೆ ತಕ್ಕ ತೆಳು ನಳಿಕೆ ಹಾಕಿದರೆ ಹೆಪ್ಪಿನ ಭಯ ತಗ್ಗುತ್ತದೆ. ಕೊರಳೆಲುಬಿನ ಕೆಳಗೆ ಸೂಜಿ ಹಾಕುವಾಗ ಶ್ವಾಸಕೋಶಕ್ಕೆ ತೂತು ಬೀಳುವ ಅಪಾಯವಿದೆಯಲ್ಲ, ತೋಳಿನಲ್ಲಿ ಅದು ಇಲ್ಲವೇ ಇಲ್ಲ. ಅದನ್ನೇಕೆ ಯಾರೂ ಹೇಳುವುದಿಲ್ಲ?

ಹೇಳುವುದಿಲ್ಲ, ಏಕೆಂದರೆ ನಮ್ಮ ಆಸ್ಪತ್ರೆಗಳಲ್ಲಿ ಹೆಣ್ಣಿನ ಜೊತೆ ಮಾತಾಡುವ ರೂಢಿಯೇ ಇಲ್ಲ. ವರದಿ ಓದಿ ಹೇಳುವುದು ಗಂಡನಿಗೆ, ಖರ್ಚಿನ ಲೆಕ್ಕ ಮಗನಿಗೆ. ಸ್ತನ ತೆಗೆದ ಮೇಲೆ ಅದನ್ನು ಮತ್ತೆ ರೂಪಿಸಬಹುದು ಎಂಬ ಸಂಗತಿ ಎಷ್ಟೋ ಜನಕ್ಕೆ ತಿಳಿಯುವುದೇ ಇಲ್ಲ. ಸಮ್ಮತಿ ಪತ್ರ ಇಂಗ್ಲಿಷಿನಲ್ಲಿರುತ್ತದೆ, ಎಲ್ಲಿ ಸಹಿ ಹಾಕಬೇಕೆಂದು ಬೆರಳು ತೋರಿಸುವವರು ಮಾತ್ರ ಕನ್ನಡದವರು. ಓದಲು ಬಾರದ ಕಾಗದಕ್ಕೆ ಹಾಕಿಸಿಕೊಂಡ ಸಹಿಯನ್ನು ಸಮ್ಮತಿ ಎಂದು ಕರೆಯಲು ನಾಚಿಕೆಯಾಗಬೇಕು.

ಎಲ್ಲರಿಗೂ ತೋಳೇ ಆಗಬೇಕೆಂದು ನಾನು ಹೇಳುತ್ತಿಲ್ಲ. ಕಂಕುಳಿನ ಗ್ರಂಥಿ ತೆಗೆದ ಕಡೆಯ ತೋಳನ್ನು ಬಾವಿನ ಭಯಕ್ಕೆ ಮುಟ್ಟದಿರುವುದೇ ಲೇಸು. ಎರಡೂ ಕಡೆ ಕ್ಯಾನ್ಸರ್ ಇದ್ದರೆ, ಎದೆಯ ಚರ್ಮವೇ ಹಾಳಾಗಿದ್ದರೆ, ಬೆನ್ನ ಮೇಲ್ಭಾಗ, ತೊಡೆ ಎಂಬ ದಾರಿಗಳೂ ಇವೆ. ಇಷ್ಟೆಲ್ಲ ದಾರಿಗಳಿರುವಾಗ ಒಂದನ್ನೇ ತೋರಿಸುವುದು ವೈದ್ಯಶಾಸ್ತ್ರವಲ್ಲ, ಆಪರೇಷನ್ ಥಿಯೇಟರಿನ ಅಭ್ಯಾಸಬಲ.

ಆಗಬೇಕಾದ್ದು ಇಷ್ಟು. ಸಹಿಗೆ ಮುನ್ನ ಆಕೆಯನ್ನೇ ಕೂರಿಸಿ, ಕನ್ನಡದಲ್ಲಿ ಕೇಳಿ: ಯಾವ ಕೈಯಲ್ಲಿ ಕೆಲಸ ಮಾಡುತ್ತೀರಿ, ಏನು ಉಡುತ್ತೀರಿ, ಗಾಡಿ ಓಡಿಸುತ್ತೀರಾ, ಯಾವ ಮಗ್ಗುಲಲ್ಲಿ ಮಲಗುತ್ತೀರಿ? ತೋಳಿನ ರಕ್ತನಾಳವನ್ನು ಅಲ್ಟ್ರಾಸೌಂಡಿನಲ್ಲಿ ನೋಡಿ. ಎದೆಯೇ ಸರಿಯೆಂದಾದರೆ ಕಾರಣ ಹೇಳಿ, ಆಕೆ ರವಿಕೆ ತೊಟ್ಟು ನಿಂತಿರುವಾಗಲೇ ಜಾಗ ಗುರುತಿಸಿ. ಇದಕ್ಕೆ ಹೊಸ ಯಂತ್ರ ಬೇಡ, ಸರ್ಕಾರದ ಅನುದಾನ ಬೇಡ, ಹದಿನೈದು ನಿಮಿಷ ಸಾಕು. ವರ್ಷವಿಡೀ ಹೊರುವವಳಿಗಾಗಿ ಆ ಹದಿನೈದು ನಿಮಿಷ ಕೊಡಲಾರದ ಆಸ್ಪತ್ರೆ ಆಕೆಯ ಮೈಗೆ ಕತ್ತರಿ ಹಾಕಬಾರದು.