ಹೊಸ ಪಿಕಪ್ಪಿಗೆ ಹೆಚ್ಚಿನ ಪ್ಲೇಟು ಬೇಕೇ?

ವಾಶಿಯ ಸಗಟು ಮಾರುಕಟ್ಟೆಯಿಂದ ತರಕಾರಿ, ತೆಂಗಿನಕಾಯಿ, ಅಕ್ಕಿಮೂಟೆಗಳನ್ನು ಮುಂಬಯಿಯ ಹೋಟೆಲು ಅಂಗಡಿಗಳಿಗೆ ಮುಟ್ಟಿಸುವ ವೃತ್ತಿಯಲ್ಲಿ ನಮ್ಮವರೂ ಇದ್ದಾರೆ. ಸಾಲಮಾಡಿ ಹೊಸ ಪಿಕಪ್ಪು ಕೊಂಡವನಿಗೆ ಹಿತೈಷಿಗಳ ಸಲಹೆಗೇನೂ ಕೊರತೆಯಿಲ್ಲ: ಹಿಂದಿನ ಆಕ್ಸಲಿಗೆ ಎರಡು ಪ್ಲೇಟು ಸೇರಿಸು, ಟೈರು ಒಂದು ಅಳತೆ ದೊಡ್ಡದು ಹಾಕಿಸು. ಈ ಸಲಹೆಯನ್ನು ಕೂಡಲೆ ಪಾಲಿಸುವುದು ಉಚಿತವಲ್ಲವೆಂದು ನಾವು ಭಾವಿಸುತ್ತೇವೆ.

ಸಲಹೆ ಹುಟ್ಟುವುದು ಮೌಢ್ಯದಿಂದಲ್ಲ. ಬಾಡಿಗೆ ದೊರೆಯುವುದು ಖೇಪಿನ ಲೆಕ್ಕದಲ್ಲಿ. ಬ್ಯಾಂಕಿನ ಕಂತು ಯಾರಿಗೂ ಕಾಯುವುದಿಲ್ಲ. ಒಂದೇ ಖೇಪಿನಲ್ಲಿ ನಾಲ್ಕು ಮೂಟೆ ಹೆಚ್ಚು ಹೋದರೆ ಡೀಸೆಲು ಉಳಿಯುವುದೂ ನಿಜ. ಆದರೆ ಕಮಾನಿನ ಪಟ್ಟಿಗಳು, ಅಂದರೆ ಚಾಲಕರು ಪ್ಲೇಟು ಎನ್ನುವ ವಸ್ತು, ಗಾಡಿಯ ಹಿಂಭಾಗ ಕುಸಿಯದಂತೆ ತಡೆಯುತ್ತವೆಯೇ ಹೊರತು ಭಾರ ಹೊರುವ ಅಧಿಕಾರವನ್ನು ಗಾಡಿಗೆ ಕೊಡುವುದಿಲ್ಲ. ಬ್ರೇಕು, ಆಕ್ಸಲು, ಬೇರಿಂಗು, ಚಾಸಿಸು ಎಲ್ಲವೂ ಮೊದಲಿನವೇ. ಹಿಂಭಾಗ ಕುಸಿಯುವುದು ಗಾಡಿಯು ಒಡೆಯನಿಗೆ ಕೊಡುವ ಎಚ್ಚರಿಕೆ. ಪ್ಲೇಟು ಸೇರಿಸಿದವನು ಆ ಬಾಯನ್ನು ಕಟ್ಟಿದಂತಾಯಿತು. ಬೋರ್ ಘಾಟಿಯ ಇಳಿಜಾರಿನಲ್ಲಿ ಭಾರದ ಲೆಕ್ಕ ಕೇಳುವುದು ಬ್ರೇಕೇ. ಇನ್ನು ಬರಿದಾಗಿ ಮರಳುವಾಗ ಬಿರುಸಾದ ಕಮಾನಿನ ಮೇಲೆ ಹಿಂಭಾಗ ಕುಪ್ಪಳಿಸಿ, ಮಳೆಗಾಲದ ರಸ್ತೆಯಲ್ಲಿ ಗಾಲಿಯ ಹಿಡಿತ ತಪ್ಪುತ್ತದೆ.

ಟೈರಿನ ಮಾತೂ ಅಷ್ಟೇ. 215/75 ಆರ್ 15ರ ಟೈರಿನ ವ್ಯಾಸ ಸುಮಾರು 703 ಮಿಲಿಮೀಟರು. 235/75 ಆರ್ 15ರದು 733. ಶೇಕಡ 4ಕ್ಕೂ ಮಿಕ್ಕ ಈ ಅಂತರದಿಂದ ಮೀಟರು 80 ತೋರುವಾಗ ಗಾಡಿ 83ಕ್ಕೂ ಹೆಚ್ಚು ವೇಗದಲ್ಲಿ ಓಡುತ್ತಿರುತ್ತದೆ. ಏರಿನಲ್ಲಿ ಎಂಜಿನು ಬಳಲುತ್ತದೆ, ತಿರುವಿನಲ್ಲಿ ಟೈರು ಮಡ್‌ಗಾರ್ಡನ್ನು ಉಜ್ಜಿದರೂ ಆಶ್ಚರ್ಯವಿಲ್ಲ. ನೋಡಬೇಕಾದುದು ಅಗಲವನ್ನಲ್ಲ, ಟೈರಿನ ಪಾರ್ಶ್ವದಲ್ಲಿ ಅಚ್ಚಾದ ಭಾರಸೂಚಿಯನ್ನು: 100 ಎಂದಿದ್ದರೆ ಒಂದು ಟೈರು 800 ಕಿಲೋ, 104 ಎಂದಿದ್ದರೆ 900 ಕಿಲೋ ಹೊರಬಲ್ಲುದು. (ಬರಿಯ ಠೀವಿಗಾಗಿ ಗಾಡಿಯನ್ನು ಎತ್ತರಿಸುವ ತರುಣರಿಗೆ ಈ ಅಂಕಿಗಳು ರುಚಿಸಲಾರವು, ಅವರ ವಿಚಾರ ಬೇರೆ.)

ಕಾನೂನನ್ನೂ ಮರೆಯಲಾಗದು. 1988ರ ಮೋಟಾರು ವಾಹನ ಕಾಯಿದೆಯ 52ನೆಯ ಕಲಮು, ತಯಾರಕರು ನಿಗದಿಪಡಿಸಿದ ವಿವರಗಳಿಗೆ ವಿರುದ್ಧವಾದ ಮಾರ್ಪಾಡನ್ನು ನಿಷೇಧಿಸುತ್ತದೆ. 2019ರ ಜನವರಿಯಲ್ಲಿ ಸರ್ವೋಚ್ಚ ನ್ಯಾಯಾಲಯವೂ ಇದನ್ನು ಎತ್ತಿಹಿಡಿಯಿತು. ಅದೇ ವರ್ಷದ ತಿದ್ದುಪಡಿಯು ಅನುಮತಿಯಿಲ್ಲದ ಪ್ರತಿಯೊಂದು ಮಾರ್ಪಾಡಿಗೂ 5,000 ರೂಪಾಯಿ ದಂಡ, ಇಲ್ಲವೆ ಆರು ತಿಂಗಳವರೆಗಿನ ಸೆರೆ, ಅಥವಾ ಎರಡನ್ನೂ ವಿಧಿಸಿತು. ಮಿತಿಮೀರಿದ ಭಾರಕ್ಕೆ 20,000 ರೂಪಾಯಿ, ಮೇಲೆ ಪ್ರತಿ ಹೆಚ್ಚುವರಿ ಟನ್ನಿಗೆ 2,000. ಒಂದು ಪ್ಲೇಟು ಸೇರಿಸಿದ ಮಾತ್ರಕ್ಕೆ ಮೂಲರಚನೆ ಬದಲಾಯಿತೇ ಎಂದು ವಾದಿಸಬಹುದು. ಆದರೆ ಆ ವಾದವನ್ನು ಹೂಡಬೇಕಾಗಿ ಬರುವುದು ಅಪಘಾತವಾದ ಮೇಲೆ, ವಿಮಾ ಕಂಪನಿಯ ಎದುರಿನಲ್ಲಿ. ಸಾಲದ ಕಂತು ಆಗಲೂ ನಿಲ್ಲುವುದಿಲ್ಲ.

ಆದುದರಿಂದ ಮೊದಲ ಕೆಲವು ತಿಂಗಳು ಗಾಡಿಯನ್ನು ಕಾರ್ಖಾನೆ ಕೊಟ್ಟಂತೆಯೇ ಓಡಿಸಿ, ಎಂದಿನ ಭಾರ ತುಂಬಿಸಿ ವೇ-ಬ್ರಿಜ್ಜಿನಲ್ಲಿ ತೂಗಿಸಬೇಕು. ನೋಂದಣಿ ಪತ್ರದಲ್ಲಿ ನಮೂದಿಸಿದ ಒಟ್ಟು ತೂಕದ ಒಳಗಿದ್ದೂ ಹಿಂಭಾಗ ಕುಸಿದರೆ ಅದು ಗಾಡಿಯ ದೋಷ. ವಾರಂಟಿಯ ಅವಧಿಯಲ್ಲಿ ಡೀಲರನನ್ನೇ ಕೇಳಬೇಕು. ತೂಕ ಮೀರಿದ್ದರೆ ಎರಡನೆಯ ಖೇಪು ಹೂಡಬೇಕು, ಇಲ್ಲವೆ ದೊಡ್ಡ ಗಾಡಿಯ ಯೋಚನೆ ಮಾಡಬೇಕು. ಟೈರಿನ ಗಾಳಿಯನ್ನು ಬೆಳಗ್ಗೆ, ಗಾಡಿ ಹೊರಡುವ ಮುನ್ನ, ಅದು ತಣ್ಣಗಿರುವಾಗಲೇ ಅಳೆಯತಕ್ಕದ್ದು. ಟೈರು ಸವೆದಾಗ ಅದೇ ಅಳತೆಯಲ್ಲಿ ಹೆಚ್ಚಿನ ಭಾರಸೂಚಿಯದು ಸಿಕ್ಕಿದರೆ ಅದನ್ನು ಕೊಳ್ಳಲು ನಮ್ಮ ಆಕ್ಷೇಪವೇನೂ ಇಲ್ಲ.