ಕೆಲಸ ಕೊಟ್ಟರೆ ಸಾಲದು, ಕುರ್ಚಿಯೂ ಬೇಕು

ಉಮ್ಮತ್ತೂರಿನಂಥ ಊರಿನಲ್ಲಿ ಸರ್ಕಾರ ಎಂದರೆ ವಿಧಾನಸೌಧವಲ್ಲ. ಪಂಚಾಯಿತಿ ಕಚೇರಿ, ಶಾಲೆ, ಅಂಗನವಾಡಿ. ಅಲ್ಲಿ ಯಾರು ಕೂತು ಕೆಲಸ ಮಾಡುತ್ತಾರೆ ಎಂಬುದನ್ನು ನೋಡಿಯೇ ಜನ ಸರ್ಕಾರ ತಮ್ಮದೋ ಅಲ್ಲವೋ ಎಂದು ಅಳೆಯುತ್ತಾರೆ.

2016ರ ಅಂಗವಿಕಲರ ಹಕ್ಕುಗಳ ಕಾಯ್ದೆ 21 ಬಗೆಯ ಅಂಗವೈಕಲ್ಯಗಳನ್ನು ಗುರುತಿಸಿದೆ. ಶೇ 40 ಅಥವಾ ಅದಕ್ಕಿಂತ ಹೆಚ್ಚು ವೈಕಲ್ಯ ಇರುವವರಿಗೆ ಸರ್ಕಾರಿ ಹುದ್ದೆಗಳಲ್ಲಿ ಕನಿಷ್ಠ ಶೇ 4ರಷ್ಟು ಮೀಸಲಾತಿಯನ್ನೂ ಕೊಟ್ಟಿದೆ. ಆದರೆ ಹಳ್ಳಿ ಸುದ್ದಿ ಬರೆಯುವ ನಮಗೆ ಹೆಚ್ಚು ಕಾಣಸಿಗುವವರು ಪಂಚಾಯಿತಿಯ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರು. ತಾವೂ ಅಂಗವಿಕಲರಾಗಿದ್ದು, ಇತರರ ಮಾಸಾಶನ, ಯುಡಿಐಡಿ ಕಾರ್ಡು, ತ್ರಿಚಕ್ರ ವಾಹನದ ಅರ್ಜಿಗಾಗಿ ಮನೆಮನೆ ತಿರುಗುತ್ತಾರೆ. ಸಿಗುವುದು ಸಂಬಳವಲ್ಲ, ಗೌರವಧನ.

ಒಬ್ಬರನ್ನು ತೆಗೆದುಕೊಂಡು ‘ಅವಕಾಶ ಕೊಟ್ಟೆವು’ ಎಂದರೆ ಮುಗಿಯಲಿಲ್ಲ. ಒಳಗೆ ಬರಲು ರ‍್ಯಾಂಪು, ಬಳಸಲಾಗುವ ಶೌಚಾಲಯ, ಕೂರಲು ಮೇಜು-ಕುರ್ಚಿ, ಸಭೆಯಲ್ಲಿ ಮಾತಿಗೆ ಬೆಲೆ ಬೇಕು. ಇವಿಲ್ಲದಿದ್ದರೆ ಅದು ಹಾಜರಿ ಪುಸ್ತಕದ ಲೆಕ್ಕ ಅಷ್ಟೇ. ಕಚೇರಿಯೊಳಗಿನವರಿಗೇ ಜಾಗವಿಲ್ಲ ಎಂದಮೇಲೆ ಅರ್ಜಿ ಹಿಡಿದು ಬಂದವರಿಗೆ ಎಲ್ಲಿಂದ ಬರಬೇಕು?

ಪಂಚಾಯಿತಿಯ ಸ್ವಂತ ಆದಾಯದಲ್ಲಿ ಶೇ 5ರಷ್ಟನ್ನು ಅಂಗವಿಕಲರಿಗಾಗಿ ಬಳಸಬೇಕೆಂಬ ನಿಯಮವೂ ಇದೆ. ಹಾಗಾಗಿ ಮುಂದಿನ ಗ್ರಾಮಸಭೆಯಲ್ಲಿ ನಾವೆಲ್ಲ ಎರಡು ಪ್ರಶ್ನೆ ಕೇಳೋಣ: ಆ ಹಣ ಎಲ್ಲಿ ಖರ್ಚಾಯಿತು? ನಮ್ಮ ಕಾರ್ಯಕರ್ತರ ಕುರ್ಚಿ ಎಲ್ಲಿದೆ?